ಪದಬಂಧದ ಚೌಕದೊಳಗೆ ನಮ್ಮ ತೋಟ

ಸದಸ್ಯ ಬಾಂಧವರಲ್ಲಿ ಅನೇಕರಿಗೆ ಬೆಳಗಿನ ಪತ್ರಿಕೆಯೆಂದರೆ ಮೊದಲು ಧಾರಣೆ, ಆಮೇಲೆ ಮಳೆಯ ಸುದ್ದಿ, ತದನಂತರ ಪದಬಂಧ. ದೇಶದ ರಾಜಕೀಯಕ್ಕೆ ನಾಲ್ಕನೆಯ ಸ್ಥಾನ. ಸಂಘದ ಜಗುಲಿಯಲ್ಲಿ ಮೊದಲ ಬಸ್ಸಿಗೆ ಬರುವ ಪತ್ರಿಕೆಯನ್ನು ಹರಡಿಕೊಂಡು ನಾವು ನಾಲ್ಕೈದು ಮಂದಿ ಕೂರುವುದು ಹಲವು ವರ್ಷಗಳ ವಾಡಿಕೆ. ಒಬ್ಬರು ನಿವೃತ್ತ ಮೇಷ್ಟರು, ಒಬ್ಬರು ಮೂರೆಕರೆ ರೊಬಸ್ಟಾದವರು, ಇನ್ನೊಬ್ಬರು ಘಟ್ಟದ ಕೆಳಗಿನಿಂದ ಬಂದು ಇಲ್ಲಿ ಅಡಕೆ ತೋಟ ಕೊಂಡವರು. ಧಾರಣೆಯ ಮಾತು ಬೆಳೆದರೆ ಎಲ್ಲರ ಮುಖವೂ ಸಪ್ಪಗಾಗುತ್ತದೆ. ಪದಬಂಧದ ಮೇಲೆ ಜಗಳ ಬಂದರೆ ಇನ್ನೊಂದು ಲೋಟ ಕಾಫಿ ಬರುತ್ತದೆ.

ಕಾಫಿಯ ಹಾಗೆ ಈ ಆಟವೂ ಹೊರಗಿನಿಂದ ಬಂದದ್ದೇ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಆರ್ಥರ್ ವಿನ್ ಎಂಬುವರು ವಜ್ರಾಕೃತಿಯ ಮನೆಗಳನ್ನು ಹಾಕಿ ಇದನ್ನು ಪ್ರಕಟಿಸಿದರು. ಲಂಡನ್ನಿನ ಟೈಮ್ಸ್ ಪತ್ರಿಕೆ 1930ರಲ್ಲಿ ಇದಕ್ಕೆ ಜಾಗ ಕೊಟ್ಟಿತು. ಕನ್ನಡದಲ್ಲಿ ಅ.ನಾ. ಪ್ರಹ್ಲಾದರಾಯರಂಥವರು ಸಾವಿರಾರು ಪದಬಂಧಗಳನ್ನು ಹೆಣೆದು ನಮ್ಮ ಬೆಳಗುಗಳನ್ನು ತುಂಬಿಸಿದ್ದಾರೆ.

ಹೊರಗಿನ ಬೀಜವಾದರೂ ನಮ್ಮ ಮಣ್ಣಿನಲ್ಲಿ ಇದರ ಗುಣ ಬದಲಾಗಿದೆ. ಇಂಗ್ಲಿಷಿನಲ್ಲಿ ಒಂದು ಮನೆಗೆ 26 ಅಕ್ಷರಗಳಲ್ಲಿ ಒಂದು. ಕನ್ನಡದಲ್ಲಿ ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರುತ್ತವೆ. ಅರೇಬಿಕಾ, ರೊಬಸ್ಟಾ ಎರಡಕ್ಕೂ ಇಂಗ್ಲಿಷಿನಲ್ಲಿ ಏಳೇಳು ಮನೆ ಬೇಕು. ನಮ್ಮಲ್ಲಿ ಅರೇಬಿಕಾಕ್ಕೆ ನಾಲ್ಕು, ರೊಬಸ್ಟಾಕ್ಕೆ ಮೂರು. ಎಡದಿಂದ ಬಲಕ್ಕೆ ಹೋಗುವ ಪದದ 'ಕಾ' ಮೇಲಿನಿಂದ ಕೆಳಕ್ಕೆ ಬರುವ ಪದಕ್ಕೂ 'ಕಾ' ಆಗಿಯೇ ಒದಗಬೇಕು, 'ಕಿ' ಬಂದರೆ ನಡೆಯದು. ಹೆಣೆಯುವವರಿಗೆ ಇದು ದೊಡ್ಡ ತಲೆನೋವು. ಬಿಡಿಸುವವರಿಗೆ ಮಾತ್ರ ಒಂದು ಮನೆ ತುಂಬಿತೆಂದರೆ ಅರ್ಧ ಪದ ಸಿಕ್ಕಿದ ಹಾಗೆ.

ಒಮ್ಮೆ 'ಅಡಕೆ' ಎಂದೇ ಸುಳಿವಿತ್ತು, ಮೂರು ಮನೆ. ಅಡಕೆ ಬೆಳೆಯುವವರಿಗೇ ಅಡಕೆಯ ಪರೀಕ್ಷೆ! ಕೊನೆಯ ಮನೆಯಲ್ಲಿ 'ಕ' ಆಗಲೇ ಬಿದ್ದಿತ್ತು. ಮೇಷ್ಟರು ಅಮರಕೋಶ ಓದಿದವರು. ತಕ್ಷಣ 'ಕ್ರಮುಕ' ಎಂದರು, ಮರುಕ್ಷಣವೇ 'ಗುವಾಕವೂ ಆಗಬಹುದು' ಎಂದು ತಾವೇ ತಕರಾರು ತೆಗೆದರು. ಎರಡೂ ಅಡಕೆಯೇ, ಎರಡೂ ಮೂರಕ್ಷರ, ಎರಡರ ತುದಿಯಲ್ಲೂ 'ಕ'. ಅರ್ಧ ಗಂಟೆ ವಾದ ನಡೆಯಿತು. ಕಡೆಗೆ, ನಡುಮನೆಯಿಂದ ಕೆಳಕ್ಕೆ ಇಳಿಯುವ 'ಮದುವೆಗೆ ಇದನ್ನು ನೋಡುತ್ತಾರೆ' ಎಂಬ ಸುಳಿವಿಗೆ ರೊಬಸ್ಟಾ ಮಿತ್ರರು 'ಮುಹೂರ್ತ' ಎಂದ ಮೇಲೆ ಕ್ರಮುಕ ಗೆದ್ದಿತು. ಅವರು ಮಗಳ ಮದುವೆಯ ಓಡಾಟದಲ್ಲಿದ್ದರು, ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಇನ್ನೊಂದು ದಿನ 'ಚಕ್ರವಾಕ' ಎಂಬ ಸುಳಿವಿಗೆ ಮೇಷ್ಟರು 'ಕೋಕ' ಎಂದು ಬರೆದರು. ಘಟ್ಟದ ಕೆಳಗಿನ ಮಿತ್ರರು ಬಿಡಲಿಲ್ಲ. "ಕೋಕ ಅಂದ್ರೆ ನಮ್ಮಲ್ಲಿ ಆರಿಸಿ ಮೂಲೆಗೆ ಹಾಕುವ ಅಡಕೆ ಮಾರಾಯ್ರೆ, ಅದು ಹಕ್ಕಿ ಆದದ್ದು ಯಾವಾಗ?" ಇದೇ ಮಿತ್ರರ 'ಗೊನೆ' ನಮ್ಮಲ್ಲಿ 'ಕೊನೆ'. ಪದಬಂಧಕ್ಕೆ ಕೊನೆಯೆಂದರೆ ಬರಿಯ ಅಂತ್ಯ. ನಮಗೋ ಸುಗ್ಗಿ ಶುರುವಾಗುವುದೇ ಕೊನೆ ಇಳಿಸುವುದರಿಂದ. ಅಡಕೆಯೋ ಅಡಿಕೆಯೋ ಎಂಬ ಹಳೆಯ ವ್ಯಾಜ್ಯವೂ ಹೀಗೆಯೇ: ನಡುಮನೆಗೆ ಅಡ್ಡ ಬರುವ ಪದ 'ಡ' ಕೊಟ್ಟ ದಿನ ಒಂದು ಪಕ್ಷಕ್ಕೆ ಜಯ, 'ಡಿ' ಕೊಟ್ಟ ದಿನ ಇನ್ನೊಂದಕ್ಕೆ.

ಕಳೆದ ಕೊಯ್ಲಿನಲ್ಲಿ ನಡೆದ ಒಂದು ಸಂಗತಿ ಮಾತ್ರ ನಮ್ಮ ಮನಸ್ಸಿನಲ್ಲಿ ಉಳಿದಿದೆ. ಸುಳಿವು 'ಬಂಧನ, ಸಂಕೋಲೆ', ಎರಡು ಮನೆ. ಬೇಡಿ ಎಂದರು, ಪಾಶ ಎಂದರು. ಎರಡನೆಯ ಮನೆಯಲ್ಲಿ 'ಳೆ' ಬಿದ್ದಿತ್ತು, ಯಾವುದೂ ಕೂರಲಿಲ್ಲ. ಜಗುಲಿಯ ಮೆಟ್ಟಿಲ ಮೇಲೆ ಕೊನೆಗಾರನೊಬ್ಬ ಎಲೆ ಹಾಕಿಕೊಳ್ಳುತ್ತ ಕೂತಿದ್ದ. "ತಳೆ ಅಲ್ದಾ ಮೇಷ್ಟ್ರೇ?" ಎಂದ. ಮರ ಹತ್ತುವಾಗ ಎರಡು ಕಾಲನ್ನೂ ಸೇರಿಸಿ ಹಾಕಿಕೊಳ್ಳುವ ಬಳೆ ಅದು; ನಲವತ್ತು ವರ್ಷ ಅವನ ಪಾದ ಹಿಡಿದದ್ದು. ಮೇಷ್ಟರು ಎದ್ದು ಅವನಿಗೆ ಬೆಂಚಿನ ಮೇಲೆ ಜಾಗ ಮಾಡಿದರು. "ನಿನ್ನ ಮಗನಿಗೆ ಗೊತ್ತೇನೋ ಮಾರಾಯ ಈ ಪದ?" ಎಂದು ಕೇಳಿದ್ದಕ್ಕೆ, "ಅವ ಮರ ಹತ್ತೂದಿಲ್ಲ ಅಯ್ಯಾ. ನೆಲದ ಮೇಲೆ ನಿಂತು ಕಾರ್ಬನ್ ದೋಟಿಯಲ್ಲಿ ಕೊಯ್ತಾನೆ. ತಳೆ ತಗೊಂಡು ಏನು ಮಾಡ್ತಾನೆ?" ಎಂದ.

ದೋಟಿ ಬಂದದ್ದು ಒಳ್ಳೆಯದೇ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡ ನಾವು ಅದನ್ನು ಬೇಡವೆನ್ನುವವರಲ್ಲ. ಆದರೆ ತಳೆಯ ಹಿಂದೆಯೇ ಎಷ್ಟು ಪದಗಳು ಮರದಿಂದ ಇಳಿದು ಹೋಗುತ್ತಿವೆ ಎಂಬುದನ್ನು ಆ ದಿನ ಜಗುಲಿಯಲ್ಲೇ ಲೆಕ್ಕ ಹಾಕಿದೆವು. ಮಳೆಗಾಲದಲ್ಲಿ ಕೊಳೆಗೆ ತಡೆಯೆಂದು ಕೊನೆಗೆ ಕಟ್ಟುತ್ತಿದ್ದ ಕೊಟ್ಟೆ ಯಾವುದೆಂದು ನಮ್ಮ ಮನೆಯ ಮಕ್ಕಳು ಕೇಳುತ್ತಾರೆ. ಇವಕ್ಕೆ ಪತ್ರಿಕೆಯ ಪದಬಂಧದಲ್ಲಿ ಸ್ಥಾನ ಅಪರೂಪ. ಹೆಣೆಯುವವರಿಗೆ ಕ್ರಮುಕ ನಿಘಂಟಿನಲ್ಲಿ ಸಿಗುತ್ತದೆ, ಕೊಟ್ಟೆಯನ್ನು ಹುಡುಕಲು ಅವರು ತೋಟಕ್ಕೆ ಬರಬೇಕು. ಮೊಬೈಲಿನಲ್ಲಿ ಉತ್ತರ ಹುಡುಕಿ ಐದು ನಿಮಿಷದಲ್ಲಿ ಚೌಕ ತುಂಬಿಸುವ ಕಿರಿಯ ಸದಸ್ಯರೂ ಇದ್ದಾರೆ. ಅವರ ಚೌಕ ತುಂಬುತ್ತದೆ, ನಿಜ. ಮೆಟ್ಟಿಲ ಮೇಲೆ ಕೂತವನನ್ನು ಕೇಳುವ ಪ್ರಸಂಗ ಅವರಿಗೆ ಬರುವುದಿಲ್ಲ.

ಆದ್ದರಿಂದ ನಮ್ಮದೇ ಒಂದು ಪದಬಂಧ ಹೆಣೆಯಲು ಹೊರಟಿದ್ದೇವೆ. ಅಡ್ಡಕ್ಕೆ ಒಂಬತ್ತು, ಉದ್ದಕ್ಕೆ ಒಂಬತ್ತು ಮನೆ. ಎಲ್ಲವೂ ತೋಟ, ಅಂಗಳ, ಕಣದ ಪದಗಳು. ಹಾಳೆ, ತಳೆ, ಕೊಟ್ಟೆ, ಸಿಂಗಾರ, ಹೊಂಬಾಳೆ, ಗೊರಬಲು ಈಗಾಗಲೇ ಕೂತಿವೆ. ಕಾಫಿಯವರ ಪಾಲು ಕಡಿಮೆ ಬಿದ್ದಿದೆಯೆಂದು ರೊಬಸ್ಟಾ ಮಿತ್ರರ ದೂರು. ಸದಸ್ಯರು ತಮ್ಮ ಮನೆಯಲ್ಲಿ, ಆಳುಕಾಳುಗಳ ಬಾಯಲ್ಲಿ ಕೇಳಿದ ಪದ, ಅದರ ಅರ್ಥ ಮತ್ತು ಊರಿನ ಹೆಸರನ್ನು ಚೀಟಿಯಲ್ಲಿ ಬರೆದು ಗೊಬ್ಬರಕ್ಕೆ ಬಂದಾಗ ಸಂಘದ ಕೌಂಟರಿನಲ್ಲಿ ಕೊಡಬೇಕೆಂದು ಕೋರುತ್ತೇವೆ. ಎರಡಕ್ಷರದವು ಸಾಕಷ್ಟಿವೆ. ನಾಲ್ಕು, ಐದು ಅಕ್ಷರದವು ತುರ್ತಾಗಿ ಬೇಕಾಗಿವೆ.