ಕರುಳು ತೊಳೆದ ಮೇಲಿನ ದಿನಗಳು

ಕೊಳವೆ ಹಾಕಿ ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಕೊಲೊನೋಸ್ಕೋಪಿ ಮುಗಿದು, ವರದಿ ನಾರ್ಮಲ್ ಎಂದು ಕೈಗೆ ಬಂದ ಮೇಲೂ ಕೆಲವರಿಗೆ ಹೊಟ್ಟೆ ಉಬ್ಬರ, ಗುಡುಗುಡು ಸದ್ದು, ತೆಳ್ಳಗಿನ ಭೇದಿ ಬಿಡುವುದಿಲ್ಲ. ಇನ್ನು ಕೆಲವರಿಗೆ ಎರಡು ಮೂರು ದಿನ ಮಲವೇ ಆಗುವುದಿಲ್ಲ. ಪರೀಕ್ಷೆ ಮಾಡಿದವರೇ ಏನೋ ಕೆಡಿಸಿದರು ಎಂಬ ಅನುಮಾನ ಹುಟ್ಟುವುದು ಸಹಜ. ಆದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೊಳವೆಗಿಂತ ಅದರ ಹಿಂದಿನ ಸಿದ್ಧತೆ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕಲಸಿದ ಎರಡು ಲೀಟರ್ ಉಪ್ಪುಪ್ಪು ನೀರನ್ನು ಹತ್ತು ಹದಿನೈದು ನಿಮಿಷಕ್ಕೊಂದು ಲೋಟದಂತೆ ಕುಡಿಸುತ್ತಾರಲ್ಲ, ಆ ಗ್ಲೈಕಾಲ್ ರಕ್ತಕ್ಕೆ ಬಹುತೇಕ ಸೇರುವುದೇ ಇಲ್ಲ. ನೀರನ್ನು ಕರುಳಲ್ಲೇ ಹಿಡಿದಿಟ್ಟು, ಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗುವ ತನಕ ಎಲ್ಲವನ್ನೂ ತೊಳೆದು ಹೊರಹಾಕುತ್ತದೆ. ಖಾಲಿಯಾದ ದೊಡ್ಡ ಕರುಳು ಮತ್ತೆ ತುಂಬಲು ಎರಡು ಮೂರು ದಿನ ಬೇಕು, ಅದನ್ನು ಮಲಬದ್ಧತೆ ಎನ್ನಲಾಗದು. ಉಬ್ಬರಕ್ಕೆ ಬೇರೆ ಕಾರಣವಿದೆ. ಒಳಗೆ ನೋಡಲು ಕರುಳನ್ನು ಗಾಳಿಯಿಂದ ಹಿಗ್ಗಿಸುತ್ತಾರೆ. ಇಂಗಾಲದ ಡೈಆಕ್ಸೈಡ್ ಬಳಸಿದರೆ ಅದು ಬೇಗ ರಕ್ತಕ್ಕೆ ಸೇರಿ ಉಸಿರಲ್ಲಿ ಹೋಗುತ್ತದೆ, ಮಾಮೂಲಿ ಗಾಳಿಯಾದರೆ ಹೂಸಾಗಿಯೇ ಹೋಗಬೇಕು. ಮರುದಿನವೇ ಅವರೆಕಾಳಿನ ಸಾರು ಉಂಡರಂತೂ ಅದಕ್ಕೆ ಇನ್ನಷ್ಟು ಸೇರುತ್ತದೆ.

ಹಾಗಾದರೆ ಒಳ್ಳೆಯ ಸೂಕ್ಷ್ಮಜೀವಿಗಳೂ ಕೊಚ್ಚಿಹೋದವಲ್ಲ ಎಂದು ಯಾರಾದರೂ ಕೇಳಬಹುದು. ಹೋದದ್ದು ನಿಜ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವುಗಳ ಸಂಖ್ಯೆ ಸುಮಾರು 31 ಪಟ್ಟು ಇಳಿದಿತ್ತು. ಆದರೆ 14 ದಿನದೊಳಗೆ ಬಹುಮಟ್ಟಿಗೆ ಮೊದಲಿನಂತಾಯಿತು. ದ್ರಾವಣವನ್ನು ಒಂದೇ ಸಲ ಕುಡಿದವರಿಗಿಂತ ಎರಡು ಕಂತಿನಲ್ಲಿ ಕುಡಿದವರಲ್ಲಿ ಏರುಪೇರು ಕಡಿಮೆ ಇತ್ತು. ಒಳ್ಳೆಯ ಸೂಕ್ಷ್ಮಜೀವಿಗಳದ್ದೆಂದು ಮಾರುವ ದುಬಾರಿ ಮಾತ್ರೆ ಕೊಳ್ಳುವುದಕ್ಕಿಂತ ಇದು ಉಪಯೋಗದ ಮಾತು, ಯಾಕೆಂದರೆ ಕಂತಿನಲ್ಲಿ ಕುಡಿದರೆ ಕರುಳೂ ಚೆನ್ನಾಗಿ ತೊಳೆದು ಬರುತ್ತದೆ.

ಪರೀಕ್ಷೆಯ ನಂತರ ಆಗಬಹುದಾದ ತೊಂದರೆ ಎಲ್ಲವನ್ನೂ ಮೊದಲೇ ಹೇಳಿದರೆ ಜನ ಹೆದರಿ ಪರೀಕ್ಷೆಗೇ ಬರುವುದಿಲ್ಲ ಎನ್ನುವವರೂ ಇದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಸರ್ಕಾರದ ಅಸಾಂಕ್ರಾಮಿಕ ರೋಗ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದಿಲ್ಲ. ಹಾಗಾಗಿ ನಮ್ಮಲ್ಲಿ ಈ ಪರೀಕ್ಷೆಗೆ ಹೋಗುವವರು ಬಹುತೇಕ ಮಲದಲ್ಲಿ ರಕ್ತ ಕಂಡೋ, ಕಾರಣ ತಿಳಿಯದ ರಕ್ತಹೀನತೆಯಿಂದಲೋ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದೋ ಹೋಗುವವರು. ಅವರಿಗೆ ಹೆದರಿಕೆ ಆಗಲೇ ಇರುತ್ತದೆ, ಬೇಕಾಗಿರುವುದು ಯಾವುದಕ್ಕೆ ಹೆದರಬೇಕು ಎಂಬ ತಿಳಿವಳಿಕೆ. ಹೊನ್ನೂರು, ಹನೂರು ಕಡೆಯವರು ಮೈಸೂರಿನಲ್ಲಿ ಪರೀಕ್ಷೆ ಮುಗಿಸಿ ಬಸ್ಸಲ್ಲಿ ಊರು ಸೇರಿದ ಮೇಲೆ, ಬರಿಯ ಗ್ಯಾಸಿಗೆ ಮತ್ತೆ ಅಷ್ಟು ದೂರ ಓಡುವುದು ದಂಡ, ಕರುಳು ತೂತಾಗಿದ್ದನ್ನು ಗ್ಯಾಸೆಂದು ಮನೆಯಲ್ಲೇ ಕೂತರೆ ಪ್ರಾಣಕ್ಕೇ ಅಪಾಯ. ತೂತಾಗುವುದು ತೀರ ಅಪರೂಪ. ಆದರೆ ಹಾಗೇನಾದರೂ ಆದಲ್ಲಿ ಹೊಟ್ಟೆ ಹಲಗೆಯಂತೆ ಬಿಗಿದು, ನೋವು ಏರುತ್ತಲೇ ಹೋಗಿ, ಜ್ವರ ಬರುತ್ತದೆ, ಅದೂ ಸಾಮಾನ್ಯವಾಗಿ ಮೊದಲ 48 ಗಂಟೆಯೊಳಗೆ. ಗ್ಯಾಸಿನ ನೋವು ಹೂಸು ಹೋದಂತೆ ಇಳಿಯುತ್ತದೆ. ಕರುಳಿನ ಒಳಗೋಡೆಯ ಸಣ್ಣ ಗಂಟು, ಅಂದರೆ ಪಾಲಿಪ್ ತೆಗೆದಿದ್ದರೆ ಮಾತ್ರ ಲೆಕ್ಕ ಬೇರೆ, ಆ ಗಾಯದಿಂದ ಎರಡು ವಾರದವರೆಗೂ ರಕ್ತ ಬರಬಹುದು. ಅಂಥ ಹೊತ್ತಿನಲ್ಲಿ ಪರೀಕ್ಷೆ ಮಾಡಿದ ಆಸ್ಪತ್ರೆಗೇ ಹೋಗಬೇಕೆಂದಿಲ್ಲ, ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಮೊದಲು ಹೋಗಿ, ಯಾವ ದಿನ ಏನು ಮಾಡಿಸಿದ್ದು, ಪಾಲಿಪ್ ತೆಗೆದರೋ ಇಲ್ಲವೋ ಎಂಬ ವರದಿ ತೋರಿಸಬೇಕು. ವರದಿಯ ಕೆಳಗೆ 48 ಗಂಟೆ, ಎರಡು ವಾರ ಎಂಬ ಈ ಎರಡು ಗಡುವನ್ನು ಕನ್ನಡದಲ್ಲಿ ಬರೆದುಕೊಡಲು ವೈದ್ಯರಿಗೆ ಎರಡು ನಿಮಿಷವೂ ಬೇಡ.