ಸೌದೆಯಿಂದ ಬೆಳಗಿದ ಹೊಸಹಳ್ಳಿ

ಒಲೆಗೆ ಸೌದೆ ಒಟ್ಟಿದರೆ ಅನ್ನ ಬೇಯುತ್ತದೆ. ಅದೇ ಸೌದೆ ಬಲ್ಬು ಉರಿಸೀತೇ? ಕೊಳವೆ ಬಾವಿಯಿಂದ ನೀರೆತ್ತೀತೇ? ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಇವೆರಡೂ ನಡೆದವು. ಸುಮಾರು 35 ಮನೆಗಳ, ಇನ್ನೂರು ಚಿಲ್ಲರೆ ಜನರ ಈ ಊರಿಗೆ 1988ರಲ್ಲಿ ವಿದ್ಯುತ್ ತಂತಿ ಬಂದಿರಲಿಲ್ಲ. ಅಲ್ಲಿ ಕರೆಂಟು ಹುಟ್ಟಿದ್ದು ಊರಲ್ಲೇ, ಸೌದೆಯ ಚೂರುಗಳಿಂದ.

ಈ ಪ್ರಯೋಗ ನಡೆಸಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ. ವಿಜ್ಞಾನವನ್ನು ಹಳ್ಳಿಗೆ ಒಯ್ಯಲೆಂದೇ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಆರಂಭವಾದ ವಿಭಾಗವಿದು. ‘ಅಸ್ತ್ರ ಒಲೆ’ ಎಂದರೆ ಅನೇಕ ತಾಯಂದಿರಿಗೆ ತಕ್ಷಣ ನೆನಪಾದೀತು.

ಅರೆಹೊಟ್ಟೆಯ ಬೆಂಕಿ

ಒಲೆಯಲ್ಲಿ ಬೆಂಕಿಗೆ ಬೇಕಾದಷ್ಟು ಗಾಳಿ ಸಿಗುತ್ತದೆ, ಸೌದೆ ಉರಿದು ಬೂದಿಯಾಗುತ್ತದೆ. ಗ್ಯಾಸಿಫೈಯರ್ ಎಂಬ ಉದ್ದನೆಯ ಕುಲುಮೆಯಲ್ಲಿ ಬೇಕೆಂದೇ ಗಾಳಿಯನ್ನು ಕಡಿಮೆ ಬಿಡುತ್ತಾರೆ. ಪೂರ್ತಿ ಉರಿಯಲು ಬೇಕಾದ ಗಾಳಿಯ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಆಗ ಸೌದೆ ಮೊದಲು ಒಣಗಿ, ಆಮೇಲೆ ಹೊಗೆ ಮತ್ತು ಇದ್ದಿಲಾಗಿ ಒಡೆಯುತ್ತದೆ. ಹೊಗೆ ಉರಿದು ಬಂದ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಕೆಂಡದಂಥ ಇದ್ದಿಲಿನ ಮೂಲಕ ಹಾಯುವಾಗ ಇಂಗಾಲದ ಮೊನಾಕ್ಸೈಡ್ ಹಾಗೂ ಜಲಜನಕವಾಗಿ ಮಾರ್ಪಡುತ್ತವೆ. ಇವೆರಡೂ ಉರಿಯುವ ಅನಿಲಗಳು. ಹೊರಬರುವ ಮಿಶ್ರಣದಲ್ಲಿ ಇವುಗಳ ಪಾಲು ಸುಮಾರು ಶೇ. 20ರಷ್ಟು ತಲಾ, ಅರ್ಧದಷ್ಟು ಉರಿಯದ ಸಾರಜನಕ.

ಇದು ಹೊಸ ವಿದ್ಯೆಯಲ್ಲ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲು ಸಿಗದೆ ಹೋದಾಗ ಇದ್ದಿಲಿನ ಗ್ಯಾಸಿನಿಂದ ಬಸ್ಸುಗಳು ಓಡಿದ್ದನ್ನು ಅಜ್ಜಂದಿರು ಹೇಳುತ್ತಿದ್ದರು. ಹಾಗಾದರೆ ಸಂಶೋಧನೆ ಎಲ್ಲಿ? ಟಾರಿನಲ್ಲಿ. ಅನಿಲದೊಂದಿಗೆ ಬರುವ ಅಂಟು ಟಾರು ತಣ್ಣಗಾದರೆ ಎಂಜಿನ್ನಿನ ಕವಾಟಗಳಿಗೆ ಮೆತ್ತಿಕೊಂಡು ಅದನ್ನು ನಿಲ್ಲಿಸಿಬಿಡುತ್ತದೆ. ಇನ್ನೊಂದು ಅಪಾಯ ಮೊನಾಕ್ಸೈಡ್. ಬಣ್ಣವಿಲ್ಲದ, ವಾಸನೆಯಿಲ್ಲದ ಈ ವಿಷಾನಿಲ ಸೋರದಂತೆ ಕಾಯಬೇಕು.

ಒಬ್ಬರಿಂದ ಆಗದ ಕೆಲಸ

ಇಲ್ಲಿ ಕೈಜೋಡಿಸಿದ್ದು ಸಂಸ್ಥೆಯ ವೈಮಾಂತರಿಕ್ಷ ವಿಭಾಗದ ಪ್ರೊ. ಎಚ್.ಎಸ್. ಮುಕುಂದ ಮತ್ತು ಅವರ ತಂಡ. ರಾಕೆಟ್ಟಿನ ದಹನವನ್ನು ಅರಿತವರು ಹಳ್ಳಿಯ ಸೌದೆಯ ದಹನವನ್ನೂ ಅಷ್ಟೇ ಶ್ರದ್ಧೆಯಿಂದ ಅಳೆದರು. ತೆರೆದ ಬಾಯಿಯ ಕುಲುಮೆಯಲ್ಲಿ ಮೇಲಿನಿಂದಲೂ ಬದಿಯಿಂದಲೂ ಗಾಳಿ ಬಿಟ್ಟು ಟಾರನ್ನು ಒಳಗೇ ಸುಡುವ ವಿನ್ಯಾಸ ರೂಪುಗೊಂಡಿತು. 1990ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ತಜ್ಞರ ಜೊತೆ ಅನಿಲದ ಟಾರು, ದೂಳಿನ ಜಂಟಿ ಪರೀಕ್ಷೆಗಳೂ ನಡೆದವು.

ಆದರೆ ಕುಲುಮೆಗೆ ಸೌದೆ ಎಲ್ಲಿಂದ? ಒಂದು ಯೂನಿಟ್ ಕರೆಂಟಿಗೆ ಒಂದು ಕಿಲೋಗಿಂತ ತುಸು ಹೆಚ್ಚು ಒಣ ಸೌದೆ ಬೇಕು. ಬೆಳೆಯುವುದಕ್ಕಿಂತ ಬೇಗ ಕಡಿದರೆ ಕಾಡು ಬರಿದಾಗುತ್ತದೆ, ಆಗ ‘ನವೀಕರಿಸಬಹುದಾದ ಶಕ್ತಿ’ ಎಂಬ ಮಾತಿಗೆ ಅರ್ಥವಿಲ್ಲ. ಆದ್ದರಿಂದ ಪರಿಸರ ವಿಜ್ಞಾನಿ ಎನ್.ಎಚ್. ರವೀಂದ್ರನಾಥ್ ಮತ್ತಿತರರು ಮರಗಳ ಬೆಳವಣಿಗೆಯ ಲೆಕ್ಕ ಹಿಡಿದರು. ಊರ ಪಕ್ಕದಲ್ಲಿ ಸೌದೆಗೆಂದೇ ಶಕ್ತಿವನ ಬೆಳೆಸಲಾಯಿತು. ಸೌದೆಯನ್ನು ಚೂರು ಮಾಡಿ ಒಣಗಿಸುವುದು, ಯಂತ್ರ ನಡೆಸುವುದು ಇವನ್ನೆಲ್ಲ ಊರಿನವರು ಕಲಿತರು. ಈ ಮೂರರಲ್ಲಿ ಒಂದು ಕೈ ಸಡಿಲವಾದರೂ ಊರು ಕತ್ತಲು.

ದೀಪವೊಂದೇ ಸಾಲದು

ಪುಟ್ಟ ಎಂಜಿನ್ನಿನಿಂದ ಶುರುವಾದ ವ್ಯವಸ್ಥೆ ಮುಂದೆ 20 ಕಿಲೋವ್ಯಾಟ್‌ಗೆ ಏರಿತು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ನೀರಾವರಿ ಎಲ್ಲವೂ ಅದರಿಂದಲೇ. 2004ರಲ್ಲಿ ಪ್ರಕಟವಾದ ವರದಿಯಂತೆ, ಅದರ ಹಿಂದಿನ ಆರು ವರ್ಷಗಳಲ್ಲಿ ಶೇ. 85ಕ್ಕೂ ಹೆಚ್ಚು ದಿನ ದೀಪ ಮತ್ತು ನಲ್ಲಿ ನೀರು ದೊರೆತಿದ್ದವು.

ಅದೇ ವರದಿಯ ಇನ್ನೊಂದು ಲೆಕ್ಕ ಗಮನಾರ್ಹ. 5 ಕಿಲೋವ್ಯಾಟ್ ಮಾತ್ರ ಬಳಸಿದರೆ ಇಂಧನ ಮತ್ತು ನಿರ್ವಹಣೆಯ ವೆಚ್ಚ ಯೂನಿಟ್ಟಿಗೆ 5.85 ರೂಪಾಯಿ. ಪೂರ್ತಿ 20 ಕಿಲೋವ್ಯಾಟ್ ಬಳಸಿದರೆ 3.34 ರೂಪಾಯಿ. ಬರೀ ಬಲ್ಬು ಉರಿಸಿದರೆ ಕರೆಂಟು ದುಬಾರಿ. ಗಿರಣಿ, ಪಂಪುಗಳೂ ತಿರುಗಿದರೆ ಅಗ್ಗ. ಹಳ್ಳಿಯಲ್ಲಿ ಅಷ್ಟೊಂದು ಬಳಕೆ ಎಲ್ಲಿಂದ ಬರಬೇಕು ಎಂಬುದೇ ಇಂಥ ಯೋಜನೆಗಳನ್ನು ಕಾಡುವ ಪ್ರಶ್ನೆ. ಇದರ ಉತ್ತರ ಎಂಜಿನಿಯರಿಂಗ್ ಪುಸ್ತಕದಲ್ಲಿಲ್ಲ, ಊರಿನ ಬೇಸಾಯದಲ್ಲಿ, ಜನರ ದುಡಿಮೆಯಲ್ಲಿದೆ.

ಪಿಯುಸಿ ಮುಗಿಸಿದ ಮಕ್ಕಳ ಮನೆಯಲ್ಲಿ ‘ಎಂಜಿನಿಯರಿಂಗೋ, ಕೃಷಿಯೋ, ಬಿ.ಎಸ್ಸಿಯೋ’ ಎಂಬ ಚರ್ಚೆ ತಪ್ಪದು. ಹೊಸಹಳ್ಳಿಗೆ ಮೂರೂ ಬೇಕಾಗಿದ್ದವು. ಆಸಕ್ತರು ಮನೆಯಲ್ಲೇ ಒಂದು ಪ್ರಯೋಗ ಮಾಡಿ ನೋಡಬಹುದು. ಹಸಿ ಸೌದೆಯ ಚೂರುಗಳನ್ನು ತೂಗಿ, ವಾರವಿಡೀ ಬಿಸಿಲಿಗೆ ಹಾಕಿ, ಮತ್ತೆ ತೂಗಿ. ಕಡಿಮೆಯಾದಷ್ಟು ತೂಕ ನೀರಿನದು. ಬೆಂಕಿ ಮೊದಲು ದುಡಿಯಬೇಕಾದದ್ದು ಆ ನೀರನ್ನು ಓಡಿಸಲು.