ಸರ್ವಿಸ್ ಆದ ಮೇಲೆಯೇ ಬೈಕು ಮುಗ್ಗರಿಸುವುದೇಕೆ?

ಪ್ರಶ್ನೆ: ಚೆನ್ನಾಗಿಯೇ ಓಡುತ್ತಿದ್ದ ಬೈಕು ಸರ್ವಿಸ್ ಮುಗಿದ ಮರುದಿನವೇ ಮುಗ್ಗರಿಸತೊಡಗಿದರೆ ಕಾರಣವೇನು?
– ಓದುಗರೊಬ್ಬರು, ಮಂಗಳೂರು

ಉತ್ತರ: ಸರ್ವಿಸ್‌ನ ಬೆನ್ನಲ್ಲೇ ಕಾಣಿಸಿಕೊಳ್ಳುವ ದೋಷದ ಮೂಲವು ಬಹುಮಟ್ಟಿಗೆ ಆಗ ಕೈಯಿಟ್ಟ ಭಾಗದಲ್ಲೇ ಇರುವುದರಿಂದ, ಏನನ್ನು ಬಿಚ್ಚಲಾಯಿತು, ಏನನ್ನು ಬದಲಿಸಲಾಯಿತು ಎಂಬುದನ್ನು ಬಿಲ್ಲಿನಲ್ಲಿ ನೋಡಿಕೊಂಡು ಅಲ್ಲಿಂದಲೇ ಹುಡುಕಾಟ ಆರಂಭಿಸುವುದು ಉಚಿತ.

ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸ್ಪಂಜಿನ ಏರ್ ಫಿಲ್ಟರಿಗೆ ಎಣ್ಣೆ ಅತಿಯಾದರೆ ಗಾಳಿ ಕಟ್ಟಿ, ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಕಾರ್ಬ್ಯುರೇಟರನ್ನು ಎಂಜಿನ್ನಿಗೆ ಜೋಡಿಸುವ ರಬ್ಬರ್ ಕೊಳವೆ ಸರಿಯಾಗಿ ಕೂರದಿದ್ದರೆ ಹೆಚ್ಚುವರಿ ಗಾಳಿ ಒಳನುಗ್ಗಿ, ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ತಿರುಗಿಸದಾಗಿನ ಎಂಜಿನ್ ಓಟ, ಏರಿಳಿಯುತ್ತದೆ. ಇದನ್ನು ನೋಡದೆ ಮೊದಲಿಗೇ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುವ ರೂಢಿಯಿಂದ ಒಂದು ದೋಷ ಎರಡಾಗುತ್ತದೆ. ವಾಲ್ವಿನ ಮೇಲಿನ ಸೂಕ್ಷ್ಮ ಸಡಿಲವಾದ ಟ್ಯಾಪೆಟ್ ಅಂತರವನ್ನು ಸಾಮಾನ್ಯವಾಗಿ ಎಂಜಿನ್ ತಣ್ಣಗಿರುವಾಗಲೇ ಹೊಂದಿಸಬೇಕು. ಅದು ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿ, ಸ್ಟಾರ್ಟ್ ಆಗುವುದೇ ಕಷ್ಟವಾಗುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಕಡಲಿನ ತೇವವೂ ಕೂಡಿದ ಮಂಗಳೂರಿನಲ್ಲಿ ವಾಟರ್ ವಾಶ್ ಕೂಡ ಶಂಕಿತನೇ: ಪ್ಲಗ್ ಕ್ಯಾಪಿನೊಳಗೆ ನೀರು ನಿಂತರೆ ಕಿಡಿಯ ವಿದ್ಯುತ್ತು ಅಡ್ಡದಾರಿ ಹಿಡಿಯುತ್ತದೆ. ಎಂಜಿನ್ ತಣಿದ ಮೇಲೆ ಕ್ಯಾಪನ್ನು ಬಿಡಿಸಿ, ಒಣಗಿಸಿ, ಗಟ್ಟಿಯಾಗಿ ಕೂರಿಸಿದರೆ ಎಷ್ಟೋ ಬಾರಿ ಅಷ್ಟೇ ಸಾಕು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್ 6 ನಿಯಮದ ನಂತರದ ಬೈಕುಗಳಲ್ಲಿ ಕಾರ್ಬ್ಯುರೇಟರಿನ ಬದಲು ಸಾಮಾನ್ಯವಾಗಿ ಫ್ಯೂಯಲ್ ಇಂಜೆಕ್ಷನ್ ಇರುತ್ತದೆ. ಅಂಥವುಗಳಲ್ಲಿ ಮೀಟರಿನ ಹಳದಿ ಎಂಜಿನ್ ದೀಪ ಆರದೇ ಉಳಿದರೆ ಸ್ಕ್ಯಾನರ್ ಇರುವ ಸರ್ವಿಸ್ ಸೆಂಟರಿಗೇ ಒಯ್ಯಬೇಕು.